ದೇವಿ ಗೌಡರ ಮಗಳನ್ನು ಯಾಕೆ ಕೇಳಲಿಲ್ಲ?

ನಮ್ಮೂರ ಗೌಡರ ವಾಡೆಯಲ್ಲೂ ಹೆಣ್ಣುಮಕ್ಕಳಿದ್ದರು. ಅವರಿಗೂ ಜ್ವರ ಬರುತ್ತಿತ್ತು, ಮೈಮೇಲೆ ಕಜ್ಜಿ ಏಳುತ್ತಿತ್ತು, ಎಣ್ಣೆ ಕಾಣದ ಕೂದಲು ಗಂಟು ಬೀಳುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅವರ ಹೊಲವೂ ಒಣಗುತ್ತಿತ್ತು. ಗಂಡುಮಗುವಿಲ್ಲದ ಮನೆಗಳು ಅವರ ಬಳಗದಲ್ಲೂ ಇದ್ದವು. ಆದರೆ ಸವದತ್ತಿ ಎಲ್ಲಮ್ಮ ಅವರಲ್ಲಿ ಒಬ್ಬರ ಮನೆಗೂ ಬಂದು ‘ನಿನ್ನ ಮಗಳನ್ನು ನನಗೆ ಬಿಡು’ ಎಂದಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ದೇವಿ ಕೇಳಿದ್ದೆಲ್ಲ ಊರಾಚೆಯ ಕೇರಿಯಲ್ಲಿ. ಅದೂ ತುಂಡು ಭೂಮಿ ಇಲ್ಲದ, ಸಾಲ ಹೊತ್ತ, ಆಸ್ಪತ್ರೆಯ ದಾರಿ ಗೊತ್ತಿಲ್ಲದ ಮನೆಗಳಲ್ಲಿ.

ಇದನ್ನು ಬರೆಯುತ್ತಿರುವ ನಾನು ನಾಸ್ತಿಕಳಲ್ಲ. ನಮ್ಮದು ಎಲ್ಲಮ್ಮನ ಒಕ್ಕಲು. ಘಟಪ್ರಭೆಯ ದಂಡೆಯ ಹಳ್ಳಿ, ಮುಧೋಳದ ಸೀಮೆ. ಈಗ ಎತ್ತ ನೋಡಿದರೂ ಕಬ್ಬು. ನಮ್ಮವ್ವ ಭರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಸಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದಳು. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಇಟ್ಟು ಪಡ್ಲಿಗೆ ತುಂಬಿಸುತ್ತಿದ್ದಳು. ‘ಉಧೋ ಉಧೋ’ ಎಂಬ ಕೂಗು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಕೈ ತಾನಾಗಿ ಮುಗಿಯುತ್ತದೆ. ಅದೇ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ಊರವರಿಗೆ ನಾನು ಈಗಲೂ ‘ಅಕ್ಕೋರು’. ಗುಡ್ಡದ ಮೇಲಿನ ದೇವಿಗೂ ಕೇರಿಯಲ್ಲಿ ಅವಳ ಹೆಸರಲ್ಲಿ ನಡೆದದ್ದಕ್ಕೂ ಏನು ಸಂಬಂಧ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಎಲ್ಲಮ್ಮನ ಕಥೆ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಮಲಪ್ರಭೆಗೆ ಹೋಗಿ, ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿಕೊಂಡು ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ಕಣ್ಣಿಗೆ ಬಿತ್ತು, ಮನಸ್ಸು ಒಂದು ಗಳಿಗೆ ಅತ್ತ ಹೋಯಿತು. ಮರಳಿನ ಕೊಡ ನಿಲ್ಲಲಿಲ್ಲ. ಗಂಡನಿಗೆ ಸಿಟ್ಟು ಬಂತು, ತಾಯಿಯ ತಲೆ ಕಡಿಯಿರೆಂದು ಮಕ್ಕಳಿಗೆ ಹೇಳಿದ. ಒಲ್ಲೆವೆಂದ ಮಕ್ಕಳಿಗೆ ಶಾಪ ಕೊಟ್ಟ. ಪರಶುರಾಮ ಕಡಿದ, ವರ ಕೇಳು ಎಂದಾಗ ತಾಯಿಯನ್ನು ಬದುಕಿಸು ಎಂದ. ಚೌಡಿಕೆ ಬಾರಿಸುತ್ತ ಜೋಗತಿಯರು ರಾತ್ರಿಯೆಲ್ಲ ಹಾಡುತ್ತಿದ್ದ ಈ ಕಥೆಯನ್ನು ನಾನು ಕಂಬಳಿ ಹೊದ್ದು ಕೇಳಿದ್ದೇನೆ. ನಾನು ಕೇಳಿದಷ್ಟರಲ್ಲಿ, ಪುಟ್ಟ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ಅವಳನ್ನು ಊರಿಗೆ ಬಿಡಿ ಎಂದು ದೇವಿ ಎಲ್ಲೂ ಹೇಳುವುದಿಲ್ಲ. ಹೊಳೆಯ ಕಡೆ ಒಮ್ಮೆ ನೋಡಿದ್ದಕ್ಕೆ ತಲೆ ಕಳೆದುಕೊಂಡವಳು ಅವಳು. ಅವಳಿಗಾದ ಅನ್ಯಾಯವೇ ಕಥೆಯ ಜೀವಾಳ. ಅಂಥವಳ ಹೆಸರು ಹೇಳಿಯೇ ಎಳೆಯ ಹುಡುಗಿಯರಿಗೆ ಅನ್ಯಾಯ ಮಾಡಿದ್ದು ನಮ್ಮ ಜನರ ಜಾಣತನ.

ಮುತ್ತು ಕಟ್ಟುವುದೆಂದರೆ ಏನೆಂದು ಹೊಸ ಕಾಲದ ಓದುಗರಿಗೆ ಹೇಳಬೇಕು. ಹುಡುಗಿಗೆ ಐದೋ ಏಳೋ ಒಂಬತ್ತೋ ವರ್ಷ. ಬೇವಿನ ಸೊಪ್ಪು ಹಾಕಿದ ನೀರಲ್ಲಿ ಮೀಯಿಸುತ್ತಾರೆ. ಹೊಸ ಸೀರೆ, ಕೈತುಂಬ ಹಸಿರು ಬಳೆ, ಹಣೆಗೆ ಭಂಡಾರ. ಕಂಬಳಿ ಹಾಸಿ ಕೂರಿಸುತ್ತಾರೆ, ಸುತ್ತ ನೀರು ತುಂಬಿದ ಕೊಡ ಇಡುತ್ತಾರೆ. ಮೊದಲೇ ಮುತ್ತು ಕಟ್ಟಿಸಿಕೊಂಡ ಹಿರಿಯ ಜೋಗತಿಯರು ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟುತ್ತಾರೆ. ಮಗುವಿಗೆ ಅದು ಹಬ್ಬದಂತೆಯೇ ಕಾಣುತ್ತದೆ. ಹೋಳಿಗೆ ಇದೆ, ಹೊಸ ಬಟ್ಟೆ ಇದೆ, ಎಲ್ಲರೂ ಕಾಲಿಗೆ ಬೀಳುತ್ತಾರೆ. ಆಮೇಲೆ ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡಬೇಕು. ಮೈನೆರೆಯುವ ತನಕ ಇಷ್ಟೇ. ಮೈನೆರೆದ ಮೇಲೆ ಅವಳಿಗೆ ಮದುವೆಯಿಲ್ಲ, ದೇವಿಗೆ ಬಿಟ್ಟವಳಲ್ಲವೇ! ಆಗ ಒಬ್ಬ ಸಾಹುಕಾರ ಸೀರೆ, ಕಾಳು, ಒಂದಿಷ್ಟು ರೊಕ್ಕ ಹಿಡಿದು ಬರುತ್ತಾನೆ. ಅವನು ಬಿಟ್ಟರೆ ಇನ್ನೊಬ್ಬ.

ಮುತ್ತು ಕಟ್ಟುವ ದಿನದ ಖರ್ಚು ಕೊಟ್ಟವರು ಯಾರು ಎಂದು ನಾನು ವಿಚಾರಿಸುತ್ತಿದ್ದೆ. ಊಟಕ್ಕೆ, ಸೀರೆಗೆ, ಗುಡ್ಡಕ್ಕೆ ಹೋಗುವ ಗಾಡಿಗೆ ಹಣ ಬೇಕು. ಕೂಲಿಯವನ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಕೊಟ್ಟವರು ಹೆಚ್ಚಾಗಿ ಆಮೇಲೆ ಸೀರೆ ಹಿಡಿದು ಬರುವ ಮನೆತನದವರೇ. ಹಿರಿಯ ರೈತರೊಬ್ಬರು ನನ್ನ ಮುಂದೆಯೇ ಅಂದಿದ್ದರು: “ನಾವೇನ್ ಒತ್ತಾಯ ಮಾಡೇವೇನ್ರಿ ಅಕ್ಕೋರ? ದೇವರ ಕಾರ್ಯ, ಬಡವರು, ಕೈಲಾದಷ್ಟ ಕೊಟ್ಟೇವಿ. ಪುಣ್ಯದ ಕೆಲಸ.” ಅವರ ಮಾತಿನಲ್ಲಿ ಕಪಟ ಕಾಣಲಿಲ್ಲ. ಪುಣ್ಯ ಕಟ್ಟಿಕೊಂಡೆವೆಂದೇ ನಂಬಿದ್ದರು. ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ಕದಿಯುವವನಿಗೆ ತಾನು ಕದಿಯುತ್ತಿದ್ದೇನೆಂಬ ಅಳುಕಾದರೂ ಇರುತ್ತದೆ. ಪುಣ್ಯದ ಹೆಸರಲ್ಲಿ ಮಾಡಿದವನಿಗೆ ಅದೂ ಇಲ್ಲ.

ದೇವಿ ಕೇಳಿದಳು ಎನ್ನುವುದು ಹೇಗೆ ಗೊತ್ತಾಗುತ್ತದೆ? ಯಾರಾದರೂ ಹೇಳಬೇಕು. ಮನೆಯಲ್ಲಿ ಎಮ್ಮೆ ಸತ್ತಿತು, ಕೂಸಿಗೆ ವಾಂತಿ ನಿಲ್ಲಲಿಲ್ಲ, ಗಂಡನಿಗೆ ಲಕ್ವಾ ಹೊಡೆಯಿತು. ಹಿರಿಯ ಜೋಗತಿ ಒಬ್ಬಳ ಬಳಿ ಕೇಳಲು ಹೋಗುತ್ತಾರೆ. ಮೈಮೇಲೆ ದೇವಿ ಬರುತ್ತಾಳೆ, “ನನ್ನದನ್ನ ನನಗ ಕೊಟ್ಟಿಲ್ಲ” ಅನ್ನುತ್ತಾಳೆ. ಹಾಗೆ ಹೇಳುವ ಜೋಗತಿಯೂ ಏಳು ವರ್ಷದವಳಿದ್ದಾಗ ಮುತ್ತು ಕಟ್ಟಿಸಿಕೊಂಡವಳೇ ಎಂಬುದನ್ನು ಮರೆಯಬಾರದು. ಅವಳಿಗೆ ವಯಸ್ಸಾಗಿದೆ, ಸಾಹುಕಾರ ಬಿಟ್ಟುಹೋಗಿದ್ದಾನೆ, ಜೋಗದ ಹಿಟ್ಟಿನಲ್ಲಿ ಹೊಟ್ಟೆ ಹೊರೆಯಬೇಕು. ಅವಳನ್ನು ಖಳನಾಯಕಿ ಮಾಡಿ ಕೈ ತೊಳೆದುಕೊಳ್ಳುವುದು ಸುಲಭ. ಪತ್ರಿಕೆಗಳು ಎಷ್ಟೋ ಸಲ ಹಾಗೆ ಮಾಡಿವೆ.

ಗಂಡುಮಕ್ಕಳಿಲ್ಲದ ಮನೆಯ ಲೆಕ್ಕ ಬೇರೆ. ಮಗಳಿಗೆ ಮುತ್ತು ಕಟ್ಟಿದರೆ ಅವಳು ತವರಲ್ಲೇ ಉಳಿಯುತ್ತಾಳೆ, ಗಂಡುಮಗನಂತೆ ದುಡಿದು ಹಾಕುತ್ತಾಳೆ, ಮುಪ್ಪಿನಲ್ಲಿ ನೋಡಿಕೊಳ್ಳುತ್ತಾಳೆ. ಬಳ್ಳಾರಿ ಕಡೆ ಬಸವಿ ಬಿಡುವ ಪದ್ಧತಿಯಲ್ಲಿ ತಂದೆಯ ಕ್ರಿಯಾಕರ್ಮದ ಹಕ್ಕೂ ಅವಳಿಗಿತ್ತು. ಬಡತನದ ಒಂದು ಏರ್ಪಾಟು ದೇವರ ಆಜ್ಞೆಯ ವೇಷ ಹಾಕಿಕೊಂಡು ನಿಂತಿತ್ತು. ವರದಕ್ಷಿಣೆ ಕೊಡಲಾಗದೆ ಮಗಳನ್ನು ಬಿಟ್ಟೆವೆಂದು ಯಾವ ತಂದೆಯೂ ಬಾಯಿಬಿಟ್ಟು ಹೇಳಲಾರ. ದೇವಿ ಕೇಳಿದಳು ಎಂದರೆ ತಲೆ ತಗ್ಗಿಸಬೇಕಾಗಿಲ್ಲ.

ತಲೆ ತಗ್ಗಿಸದಂತೆ ಊರೂ ನೋಡಿಕೊಳ್ಳುತ್ತಿತ್ತು. ಮುತ್ತು ಕಟ್ಟಿಸಿಕೊಂಡವಳು ನಿತ್ಯ ಮುತ್ತೈದೆ, ಅವಳಿಗೆ ವೈಧವ್ಯವಿಲ್ಲ. ಮದುವೆ ಮನೆಗೆ ಕರೆದು ತಾಳಿಯ ಕರಿಮಣಿ ಅವಳ ಕೈಯಿಂದ ಪೋಣಿಸುತ್ತಿದ್ದರು, ಎದುರಿಗೆ ಬಂದರೆ ಶುಭ ಶಕುನ ಎನ್ನುತ್ತಿದ್ದರು. ಆದರೆ ಆ ಮದುವೆಯ ಪಂಕ್ತಿಯಲ್ಲಿ ಅವಳಿಗೆ ಎಲೆ ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ಸೆರಗಿಗೆ ಬುತ್ತಿ ಹಾಕಿ ಕಳಿಸುತ್ತಿದ್ದರು. ನಮ್ಮ ಮನೆಯ ಮದುವೆಗಳಲ್ಲೇ ನೋಡಿದ ಮಾತು ಇದು. ಕರಿಮಣಿ ಪೋಣಿಸಲು ಯೋಗ್ಯಳಾದವಳು ಅಡುಗೆಮನೆಯ ಹೊಸ್ತಿಲು ದಾಟಲು ಯಾಕೆ ಯೋಗ್ಯಳಲ್ಲ ಎಂದು ಕೇಳಿದ್ದಕ್ಕೆ ಅಜ್ಜಿ, “ದೇವರದ ಬ್ಯಾರೆ, ಜಾತೀದ ಬ್ಯಾರೆ ಸುಮ್ನಿರು” ಎಂದಿದ್ದಳು.

ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಈ ಮರ್ಯಾದೆಯೆಲ್ಲ ಕರಗಿ ಹೋಗುತ್ತಿತ್ತು. ಜೂನ್ ತಿಂಗಳಲ್ಲಿ ಕೇರಿಯ ಅವ್ವಂದಿರು ಮಕ್ಕಳ ಕೈ ಹಿಡಿದು ಬರುವರು. ಹೆಸರು ಆಯಿತು, ಜನ್ಮ ದಿನಾಂಕ ಆಯಿತು (ಅದೂ ಅಂದಾಜಿನದೇ), ಮುಂದಿನದು ತಂದೆಯ ಹೆಸರು. ಅಲ್ಲಿ ಪೆನ್ನು ನಿಲ್ಲುತ್ತಿತ್ತು. ಒಬ್ಬಳು ತನ್ನ ಅಪ್ಪನ ಹೆಸರನ್ನೇ ಹೇಳುವಳು. ಒಬ್ಬಳು ಅಣ್ಣನದು. ಒಬ್ಬಳಂತೂ ಕಣ್ಣಲ್ಲಿ ಕಣ್ಣಿಟ್ಟು, “ಎಲ್ಲಮ್ಮ ಅಂತ ಬರ್ಕೋರಿ ಅಕ್ಕೋರ, ನನ್ನನ್ನ ಅಕೀಗೇ ಬಿಟ್ಟಾರಲ್ಲ, ಅಕೀನ ನೋಡ್ಕೊಳ್ಳಿ” ಅಂದಳು. ಅವಳ ಮಗನ ತಂದೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಆ ತಂದೆಯ ಇನ್ನೊಂದು ಮನೆಯ ಮಗ ಅದೇ ತರಗತಿಯಲ್ಲಿ, ಎರಡು ಸಾಲು ಮುಂದೆ ಕೂರುತ್ತಿದ್ದ. ಇಬ್ಬರ ಹುಬ್ಬೂ ಒಂದೇ. ಆಟದ ಬಯಲಲ್ಲಿ ಜಗಳವಾದಾಗ ಆ ಹುಡುಗ ಇವನಿಗೆ ಬೈಯುತ್ತಿದ್ದ ಬೈಗುಳ ಯಾವುದೆಂದು ನಮ್ಮ ಕಡೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಊರಲ್ಲೇ ಉಳಿದವರ ಪಾಡು ಇದು. ಎಷ್ಟೋ ಹುಡುಗಿಯರು ಸಾಂಗ್ಲಿ, ಮಿರಜ್, ಪುಣೆ, ಮುಂಬೈಗಳ ಕೋಣೆಗಳಿಗೆ ಹೋದರು. ಅಲ್ಲಿಂದ ಬಂದ ಹಣದಲ್ಲಿ ಕೇರಿಯ ಕೆಲವು ಮನೆಗಳಿಗೆ ತಗಡಿನ ಮಾಡು ಬಂತು. ಹಿಂದೆಯೇ ಏಡ್ಸ್ ಬಂತು. ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಮೊದಲ ವರ್ಷಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕೇರಿಗಳಲ್ಲಿ ಹೊತ್ತ ಹೆಣಗಳು ಕಡಿಮೆಯಲ್ಲ. ಆಗಲೂ ಕೆಲವರು ದೇವಿ ಮುನಿದಳು ಎಂದರು.

ಈ ದೇವದಾಸಿ ಪದ್ಧತಿಯನ್ನು ಸಮರ್ಥಿಸುವವರು ಪೇಟೆಯಲ್ಲೂ ಇದ್ದಾರೆ, ಅವರ ಮಾತಿನ ಧಾಟಿ ಬೇರೆ. ದೇವದಾಸಿಯರು ಕಲೆಯ ವಾರಸುದಾರರು, ಶಾಸನಗಳಲ್ಲಿ ಅವರ ದತ್ತಿಗಳ ಉಲ್ಲೇಖವಿದೆ, ಬ್ರಿಟಿಷರ ಕಣ್ಣಿಂದ ನೋಡಬೇಡಿ ಎನ್ನುತ್ತಾರೆ. ಆ ಮಾತಿನಲ್ಲಿ ನಿಜವಿಲ್ಲವೆಂದಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಆ ಪರಂಪರೆಯಿಂದಲೇ ಬಂದವರು. ಸಂಗೀತದಲ್ಲಿ, ಪಾಂಡಿತ್ಯದಲ್ಲಿ ಎತ್ತರದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು. ದೇವದಾಸಿ ಪದ್ಧತಿಯ ವಿರುದ್ಧ ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸಿನಲ್ಲಿ ಮಸೂದೆ ತಂದಾಗ ಅದನ್ನು ವಿರೋಧಿಸಿದವರಲ್ಲಿ ಅವರೂ ಒಬ್ಬರು. ಅವರಿಗೆ ತಮ್ಮವರ ಆಸ್ತಿ, ಕಲೆ, ಘನತೆ ಕಾಪಾಡಿಕೊಳ್ಳಬೇಕಿತ್ತು. ಆದರೆ ನಮ್ಮ ಕೇರಿಯ ಹುಡುಗಿಗೆ ಯಾರು ಇನಾಮು ಭೂಮಿ ಬರೆದುಕೊಟ್ಟಿದ್ದರು? ಯಾವ ವೀಣೆ ಕಲಿಸಿದ್ದರು? ನಾಗರತ್ನಮ್ಮನವರ ಹೆಸರು ಹೇಳಿ ಅವಳ ಕೊರಳ ಮುತ್ತನ್ನು ಸಮರ್ಥಿಸುವುದು ನನಗೆ ಒಪ್ಪುವ ಮಾತಲ್ಲ.

ಜೋಗಪ್ಪಗಳ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಕೊಂಚ ತಡೆಯುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸು ಹೊತ್ತವರನ್ನು ಮನೆಯವರೇ ಹೊರಗೆ ಹಾಕಿದಾಗ ಎಲ್ಲಮ್ಮನ ಕೊಡ ಅವರಿಗೆ ನೆಲೆಯಾಯಿತು. ಮಂಜಮ್ಮ ಜೋಗತಿ ಆ ಕೊಡವನ್ನೇ ತಲೆಯ ಮೇಲೆ ಹೊತ್ತು ಕುಣಿದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಒಂದೇ ದೇವಿ ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಸಂಕೋಲೆ. ದೇವಿಯನ್ನು ಕಿತ್ತೆಸೆದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗೆಳೆಯರ ಜತೆ ನಾನು ಒಪ್ಪದಿರಲು ಇದೊಂದು ಕಾರಣ.

ಕಾನೂನು ಬಂದಿರಲಿಲ್ಲವೇ? ಬಂದಿತ್ತು, ಒಂದಲ್ಲ ಹಲವು ಸಲ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಮುಂಬೈ ಪ್ರಾಂತದಲ್ಲಿದ್ದವು; ಅಲ್ಲಿ 1934ರಲ್ಲಿ ಕಾಯ್ದೆಯಾಯಿತು. ನಮ್ಮ ಮುಧೋಳ ಘೋರ್ಪಡೆಯವರ ಸಂಸ್ಥಾನ, ಅಲ್ಲಿನ ಮಾತೇ ಬೇರೆ. ಮದ್ರಾಸಿನ ಕಾಯ್ದೆ 1947ರದು. ಕೊನೆಗೆ ಕರ್ನಾಟಕದ್ದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ಬಂತು. ಅದರ ಶಿಕ್ಷೆಯ ಭಾಗವನ್ನು ಎರಡೆರಡು ಸಲ ಓದಬೇಕು. ಮುತ್ತು ಕಟ್ಟುವ ಕಾರ್ಯದಲ್ಲಿ ಭಾಗಿಯಾದವರಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿಯವರೆಗೆ ದಂಡ. ಭಾಗಿಯಾದವರು ಹೆತ್ತವರೋ ಪೋಷಕರೋ ಬಂಧುಗಳೋ ಆಗಿದ್ದರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ, ದಂಡವೂ ಹೆಚ್ಚು. ಅಂದರೆ ಭಯಬಿದ್ದ ಕೂಲಿಯವನಿಗೆ ದೊಡ್ಡ ಶಿಕ್ಷೆ. ಕೆಲವು ವರ್ಷಗಳ ಮೇಲೆ ಸೀರೆ ಹಿಡಿದು ಬರುವವನು ಮುತ್ತು ಕಟ್ಟುವುದರಲ್ಲಿ ಕೈಹಾಕಿರದಿದ್ದರೆ ಆ ಕಾಯ್ದೆಯ ಕಣ್ಣಿಗೇ ಬೀಳುತ್ತಿರಲಿಲ್ಲ. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ ಪೋಕ್ಸೋ ಕಾಯ್ದೆ ಬರುವ ತನಕ ಅವನನ್ನು ಹಿಡಿಯುವ ಬಲೆ ಸಡಿಲವೇ ಇತ್ತು. ಬಿಟ್ಟವರನ್ನು ಹಿಡಿದು, ಇಟ್ಟುಕೊಂಡವರನ್ನು ಬಿಟ್ಟರೆ ಕೇರಿಯವರು ಪೊಲೀಸರ ಮುಂದೆ ಬಾಯಿ ಬಿಡುತ್ತಾರೆಯೇ? ಈ ಕಾಯ್ದೆಯಡಿ ಶಿಕ್ಷೆಯಾದವರು ತೀರಾ ಕಡಿಮೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರ ಎರಡು ಸಲ ಲೆಕ್ಕ ಹಾಕಿತು. 1993-94ರಲ್ಲಿ 22,873 ಮಂದಿ ಸಿಕ್ಕರು. 2007-08ರಲ್ಲಿ ಮತ್ತೆ 23,787. ಎರಡೂ ಕೂಡಿಸಿದರೆ 46,660. ಹೆಚ್ಚಿನವರೆಲ್ಲ ಉತ್ತರ ಕರ್ನಾಟಕದವರು, ದಲಿತ ಸಮುದಾಯಗಳವರು. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಇಲ್ಲದಿದ್ದರೆ ಇಲ್ಲ. ಸಮೀಕ್ಷೆಯ ದಿನ ಕಬ್ಬು ಕಡಿಯಲು ಊರು ಬಿಟ್ಟು ಹೋದವಳು, ಮಗಳ ಮದುವೆ ಕೆಟ್ಟೀತೆಂದು ತಾನು ಅವಳಲ್ಲ ಎಂದವಳು, ಇವರೆಲ್ಲ ಪಟ್ಟಿಯ ಹೊರಗೆ ಉಳಿದರು.

ಇಷ್ಟೆಲ್ಲದರ ನಡುವೆ ಮುತ್ತು ಕಟ್ಟುವುದು ಬಹುಮಟ್ಟಿಗೆ ಇಳಿದದ್ದು ನಿಜ. ಇಳಿಸಿದವರಲ್ಲಿ ದೊಡ್ಡ ಪಾಲು ಮುತ್ತು ಕಟ್ಟಿಸಿಕೊಂಡ ಹೆಂಗಸರದೇ. ಘಟಪ್ರಭಾದಲ್ಲಿ ಮೈರಾಡಾ ಸಂಸ್ಥೆಯ ಬೆಂಬಲದಿಂದ ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು; ಜನ ಅದನ್ನು ‘ಮಾಸ್’ ಎನ್ನುತ್ತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಸ್ವತಃ ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದಿಸಿದೆವು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಇಂಥ ಸಂಘಗಳ ಹೆಂಗಸರು ಗುಡ್ಡದ ದಾರಿಯಲ್ಲಿ, ಜೋಗುಳಬಾವಿಯ ಹತ್ತಿರ ನಿಂತಿರುತ್ತಿದ್ದರು. ಚಿಕ್ಕ ಹುಡುಗಿಗೆ ಹೊಸ ಹಸಿರು ಸೀರೆ ಉಡಿಸಿ ಯಾರಾದರೂ ಕರೆತಂದರೆ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಪೊಲೀಸರಿಗೆ ಸೀರೆ ಸೀರೆಯಂತೆಯೇ ಕಾಣುತ್ತದೆ. ಅದನ್ನು ಒಮ್ಮೆ ಉಟ್ಟವಳಿಗೆ ಹಾಗಲ್ಲ.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯ ಮಾತು ಇಲ್ಲಿ ಹೇಳಬೇಕು. ದೀಪಾವಳಿ ರಜೆ ಮುಗಿಸಿ ಬಂದವಳ ತಲೆಯ ಹಿಂಭಾಗದಲ್ಲಿ ಅಂಗೈ ಅಗಲದ ಜಡೆ ಕಟ್ಟಿತ್ತು. ನಾವು ಹೆಣೆದುಕೊಳ್ಳುವ ಜಡೆಯಲ್ಲ. ಕೂದಲು ಒಂದಕ್ಕೊಂದು ಅಂಟಿ, ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಜ್ವರ ಹಿಡಿದು ಮಲಗಿದ್ದಳಂತೆ, ತಲೆ ಬಾಚಿರಲಿಲ್ಲ, ಹೇನು, ಬೆವರು, ಮೇಲೆ ಭಂಡಾರ. ಜಡೆ ಬಂತೆಂದರೆ ಎಲ್ಲಮ್ಮ ಬಂದಳೆಂದೇ ಲೆಕ್ಕ. ಕತ್ತರಿ ಮುಟ್ಟಿಸಿದರೆ ರಕ್ತ ಕಾರಿ ಸಾಯುತ್ತಾರೆ ಎನ್ನುವ ಮಾತು ಇದೆ. ಅವಳ ತಾಯಿ ನನ್ನೆದುರು ಅತ್ತಳು: “ದೇವಿ ಕೇಳ್ಯಾಳ್ರೀ, ನಾವೇನ್ ಮಾಡೂಣು?” ನಾನು ಆರೋಗ್ಯ ಶಿಕ್ಷಣದ ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ತಲೆ ಅಲ್ಲಾಡಿಸಿದಳು, ಒಂದೂ ಒಳಗಿಳಿಯಲಿಲ್ಲ.

ಕೆಲಸ ಮಾಡಿದವಳು ಪಕ್ಕದೂರಿನ ಸಂಘದ ಒಬ್ಬ ಹಿರಿಯಳು, ತಾನೇ ಜೋಗತಿಯಾಗಿದ್ದವಳು. ಶುಕ್ರವಾರವೇ ಬಂದಳು. ವಿಜ್ಞಾನದ ಮಾತು ಒಂದೂ ಆಡಲಿಲ್ಲ. ಜಗಲಿಯ ಮೇಲಿನ ಎಲ್ಲಮ್ಮನಿಗೆ ದೀಪ ಹಚ್ಚಿ, ಕಾಯಿ ಒಡೆದು, ಕೈ ಮುಗಿದು ಗಟ್ಟಿಯಾಗಿ ಅಂದಳು: “ಯವ್ವಾ, ನನ್ನ ಹಣೇಬರಹ ಇಷ್ಟ ಆತು. ಈ ಕೂಸಿನ ತಲಿ ನಾ ಬಾಚ್ತೇನಿ. ಸಿಟ್ಟ ಬಂದ್ರ ನನ್ನ ಮ್ಯಾಲ ಬರಲಿ.” ಆಮೇಲೆ ಹುಡುಗಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ಸುರಿದಳು. ಬಿಡಿಸಲು ಬಂದಷ್ಟನ್ನು ಬೆರಳಿನಿಂದ, ಹಣಿಗೆಯಿಂದ ಬಿಡಿಸಿದಳು, ಬಾರದ್ದನ್ನು ಕತ್ತರಿಸಿದಳು. ಮಧ್ಯಾಹ್ನ ಕಳೆದು ಸಂಜೆಯಾಯಿತು. ಕೇರಿಯ ಅರ್ಧ ಮಂದಿ ಅಂಗಳದಲ್ಲಿ ನಿಂತು ನೋಡುತ್ತಿದ್ದರು, ಏನಾದರೂ ಆದೀತೆಂದು. ಏನೂ ಆಗಲಿಲ್ಲ. ಬುರುಡೆಯ ಮೇಲೆ ಹುಣ್ಣುಗಳಿದ್ದವು, ಅದಕ್ಕೆ ನರ್ಸಮ್ಮ ಮುಲಾಮು ಕೊಟ್ಟಳು. ಗಡಿಯಾಚೆ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರೂ ಇಂಥ ಜಡೆಗಳನ್ನು ಎಷ್ಟೋ ಮಂದಿಯ ತಲೆಯಿಂದ ಇಳಿಸಿದ್ದಾರೆ. ಆ ಹಿರಿಯಳಿಗೆ ದಾಭೋಲಕರರ ಹೆಸರು ಗೊತ್ತಿರಲಿಲ್ಲ. ದೇವಿಯ ಸಿಟ್ಟನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವ ಧೈರ್ಯ ಅವಳಿಗೆ ಆ ದೇವಿಯ ಸಲಿಗೆಯಿಂದಲೇ ಬಂದಿತ್ತು. ನನ್ನ ಪಾಠಕ್ಕೆ ಜಗ್ಗದ ತಾಯಿ ಅವಳ ಪ್ರಾರ್ಥನೆಗೆ ಜಗ್ಗಿದಳು.

ಇದೇ ಹೆಂಗಸು ತನ್ನ ಮುತ್ತನ್ನು ಎಂದೋ ಹರಿದು ದೇವಿಯ ಮುಂದಿನ ತಟ್ಟೆಯಲ್ಲಿಟ್ಟು “ನಿನ್ನ ಸಾಲ ನಿನಗ ಮುಟ್ಟಿತು” ಎಂದವಳು. ಗುಡ್ಡಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಪಡ್ಲಿಗೆ ತುಂಬಿಸುವುದನ್ನೂ ಬಿಟ್ಟಿಲ್ಲ.

ಭಕ್ತಿ ಎಂಬ ಮಾತು ಎದುರಿಟ್ಟು ವಿಚಾರಣೆಯನ್ನು ನಿಲ್ಲಿಸುವುದು ಎಲ್ಲಮ್ಮನ ಸೀಮೆಯಲ್ಲಷ್ಟೇ ನಡೆದದ್ದಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ತಿರುಗಿಬಿದ್ದು ಅವರ ಬಟ್ಟೆಯನ್ನೇ ಬಿಚ್ಚಿಸಿತು. ಆ ಬಳಿಕವೇ ಸರ್ಕಾರ ನಿಷೇಧ ಹೇರಿತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನದ ವಿಷಯದಲ್ಲೂ, ಉರುಳುವವರೇ ‘ನಮ್ಮ ಹರಕೆ, ನಮ್ಮ ಇಷ್ಟ’ ಎಂದರು. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆ ಇವೆರಡನ್ನೂ ನಿಷೇಧದ ಪಟ್ಟಿಯಲ್ಲಿ ಸೇರಿಸಿದೆ. ಇಷ್ಟ ಎನ್ನುವ ಮಾತನ್ನು ನಾನು ಹಗುರಾಗಿ ತಳ್ಳಿಹಾಕುವವಳಲ್ಲ. ಆದರೆ ಚರ್ಮರೋಗ ವಾಸಿಯಾಗಲೆಂದು ಉರುಳುವವನಿಗೆ ವೈದ್ಯನ ದಾರಿ ಮುಚ್ಚಿ ಎಲೆಯ ದಾರಿಯೊಂದೇ ತೆರೆದಿಟ್ಟರೆ ಅವನ ಇಷ್ಟ ಬೇರೆ ಎಲ್ಲಿಗೆ ಹೋದೀತು? ಏಳು ವರ್ಷದ ಹುಡುಗಿಯ ಇಷ್ಟವಂತೂ ಹೋಳಿಗೆಯ ಆಚೆ ಇರುವುದಿಲ್ಲ.

ಈಗ ಗುಡ್ಡದ ಮೇಲೆ ಕಾವಲಿದೆ, ದಾರಿಯುದ್ದಕ್ಕೂ ಎಚ್ಚರಿಕೆಯ ಫಲಕಗಳಿವೆ. ಹಾಗಾಗಿ ನಡೆಯುವುದಿದ್ದರೆ ಮನೆಯೊಳಗೆ, ರಾತ್ರಿ, ಸಣ್ಣ ಗುಡಿಯಲ್ಲಿ ನಡೆಯುತ್ತದೆ. ಕೊರಳಲ್ಲಿ ಮುತ್ತು ಕಾಣಿಸುವುದಿಲ್ಲ, ಟ್ರಂಕಿನಲ್ಲಿರುತ್ತದೆ. ಶಾಲೆಯ ಹಾಜರಿಯಲ್ಲಿ ಮಾತ್ರ ಸುಳಿವು ಸಿಗುತ್ತದೆ. ಆರು, ಏಳನೆಯ ತರಗತಿಯ ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸುತ್ತಾಳೆ. ಕೇಳಿದರೆ ಸಾಂಗ್ಲಿಯ ಚಿಗವ್ವನ ಮನೆಯಲ್ಲಿದ್ದಾಳೆ ಎನ್ನುತ್ತಾರೆ. ಚಿಗವ್ವನ ಹೆಸರು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ನಂತರ ಬಂದ ಶಿಕ್ಷಕಿಯರಿಗೆ ನಾನು ಹೇಳಿಕೊಟ್ಟದ್ದು ಒಂದೇ: ಆ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ, ಊರ ಹಿರಿಯರನ್ನು ಕೇಳಿ ಆಮೇಲೆ ನೋಡೋಣ ಎನ್ನಬೇಡಿ. ಊರ ಹಿರಿಯರು ಎಂದರೆ ಯಾರು ಎಂಬುದು ಈ ಲೇಖನ ಇಲ್ಲಿಯ ತನಕ ಓದಿದವರಿಗೆ ಗೊತ್ತಾಗಿರಬೇಕು.

2025ರಲ್ಲಿ ವಿಧಾನಮಂಡಲ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮುತ್ತು ಕಟ್ಟುವ ಕ್ರಿಯೆಯನ್ನಷ್ಟೇ ನೋಡುತ್ತಿದ್ದ ಹಳೆಯದಕ್ಕಿಂತ ಇದರ ಕೈ ಉದ್ದವಾಗಿದೆ. ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಮಕ್ಕಳು ಬೇಕೆಂದರೆ ತಮ್ಮ ತಂದೆ ಯಾರೆಂದು ಸಾಬೀತು ಮಾಡಿಸಿ ಹಕ್ಕು ಕೇಳಬಹುದು. ಅವನು ಅಲ್ಲವೆಂದರೆ ಡಿಎನ್‌ಎ ಪರೀಕ್ಷೆಗೂ ಅವಕಾಶವಿದೆ. ಸಂಘದ ಹೆಂಗಸರು ಇದನ್ನು ಓದಿ ಹೇಳೆಂದು ನನ್ನನ್ನು ಕರೆಸಿದ್ದರು. ಸಮುದಾಯ ಭವನದ ಚಾಪೆಯ ಮೇಲೆ ದೊಡ್ಡ ಗಲಾಟೆಯೇ ಆಯಿತು. ಒಬ್ಬಳು, ಇಷ್ಟು ವರ್ಷ ಅವನ ಹೆಸರಿಲ್ಲದೆ ಮಗನನ್ನು ಪದವಿ ಓದಿಸಿದ್ದೇನೆ, ಈಗ ಅವನ ಹೆಸರು ಯಾತಕ್ಕೆ ಎಂದು ರೇಗಿದಳು. ಅವಳ ಮಗಳ ವಯಸ್ಸಿನವಳು ಎದ್ದು, ಹೆಸರು ಬ್ಯಾಡ ಕಾಕೀ, ಕಾಲುವೆ ಕೆಳಗಿನ ಹೊಲ ಬೇಕು ಎಂದಳು. ನನಗೆ ಎರಡನೆಯವಳ ಮಾತೇ ಸರಿ ಎನ್ನಿಸಿತು, ಹೇಳಿದೆ ಕೂಡ. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿಯೊಬ್ಬಳು ಪರೀಕ್ಷೆಗೆ ಏನು ಬೇಕು ಎಂದು ವಿಚಾರಿಸಿದಳು. ರಕ್ತವೋ ಉಗುಳೋ ಸಾಕು ಎಂದೆ. “ಅಂವ ಸತ್ತ ಭಾಳ ವರ್ಷ ಆತಲ್ರೀ ಅಕ್ಕೋರ. ಅವನ ಲಗ್ನದ ಹೆಂಡ್ತಿ ಮಕ್ಕಳ ರಕ್ತ ನಡೀತದೇನು?” ನಡೆಯುತ್ತದೆ, ಆದರೆ ಅವರು ಒಪ್ಪದಿದ್ದರೆ ಕೋರ್ಟು ಹೇಳಬೇಕಾಗುತ್ತದೆ, ವಕೀಲರನ್ನು ಹಿಡಿಯಬೇಕು ಎಂದೆ. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ತಾಲ್ಲೂಕಿನಲ್ಲಿ ಪುಕ್ಕಟೆ ವಕೀಲರು ಯಾವ ವಾರ ಕೂರುತ್ತಾರೆಂದು ಕೇಳಿದಳು.